ಏಳನೇ ನಂಬರಿನ ಕುದುರೆ

ನನ್ನ ಅಪ್ಪಣೆ ಇಲ್ಲದೆ ಈ ಊರಿನ ರೇಸ್ ಮೈದಾನದಲ್ಲಿ ಒಂದು ಕುದುರೆಯೂ ಗೆಲ್ಲುವುದಿಲ್ಲ. ಓಟದ ಹಿಂದಿನ ದಿನ ಅವು ಒಂದೊಂದಾಗಿ ಬಂದು, ಕತ್ತು ಬಗ್ಗಿಸಿ, "ನಾಳೆ ಯಾರ ಸರದಿ, ಯಜಮಾನ್ರೇ?" ಎಂದು ಕೇಳಿಕೊಂಡು ಹೋಗುತ್ತವೆ. ಒಂದು ಹೆಣ್ಣು ಕುದುರೆಯಂತೂ, ನಾನು ಬೇಡವೆಂದೆನೆಂದು ಮುನಿಸಿಕೊಂಡು ಮೇವೇ ಮುಟ್ಟಲಿಲ್ಲ. ನೀವು ನಂಬದಿದ್ದರೆ ಬಿಡಿ. ಅಕ್ಕನ ಮಗಳು ನಂಬುತ್ತಿದ್ದಳು.

ನನ್ನ ಕೆಲಸ ಆ ಮೈದಾನದಲ್ಲಿ ಬಾಜಿ ಟಿಕೆಟ್ ಕೊಡುವ ಕಿಟಕಿಯಲ್ಲಿ. ಹುಡುಗಿಗೆ ಹದಿನೆಂಟು ತುಂಬಿದ ವಾರ ಊಟದ ಮೇಜಿನ ಸುತ್ತ ದೊಡ್ಡ ರಗಳೆಯಾಯಿತು.

"ಹದಿನೆಂಟಾದ್ರೆ ಬಾಜಿ ಕಟ್ಟಬಹುದು. ಗೇಟಿನ ಬೋರ್ಡಲ್ಲೇ ಬರ್ದಿದೆ," ಎಂದಳು ಅವಳು.

"ಬೋರ್ಡ್ ಬರೆದೋನು ಬಂದು ನಿನ್ನ ಹಾಸ್ಟೆಲ್ ಫೀಸ್ ಕಟ್ತಾನಾ?" ಅಕ್ಕ ಸೌಟು ಎತ್ತಿದಳು. "ಹಾಲು ಒಲೆ ಮೇಲಿಟ್ಟು ಮರೆಯೋಳಿಗೆ ಕುದುರೆ ಬೇರೆ ಕೇಡು! ನನ್ನ ಕೇಳಿದ್ರೆ, ಮೂವತ್ತಾಗೋವರೆಗೂ ಯಾರನ್ನೂ ಒಳಗೆ ಬಿಡಬಾರ್ದು."

"ಮೂವತ್ತಾದ್ರೆ ಬುದ್ಧಿ ಬರುತ್ತಾ? ಮಾಮನ್ನ ನೋಡು."

ಆಗ ನಾನು ತೆಪ್ಪಗಿರಬಹುದಿತ್ತು. ಆದರೆ ಇಬ್ಬರೂ ನನ್ನ ಕಡೆ ತಿರುಗಿದ್ದರು. ಅಂಥ ಹೊತ್ತಿನಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ವಯಸ್ಸಲ್ಲ ಕಣೇ, ಕಿವಿ ಬೇಕು, ಕಿವಿ. ನಾಳೆ ಕಡೇ ಓಟ ಏಳನೇ ನಂಬರಿಂದು. ಕುದುರೆಯೇ ಬಾಯಿಬಿಟ್ಟು ಹೇಳಿದೆ," ಎಂದು ಮೀಸೆ ತಿರುವಿದೆ.

ಮರುದಿನ ಕಿಟಕಿಯ ಕಂಬಿಗಳಾಚೆ ಅವಳ ಮುಖ ಕಂಡಿತು. ಕೈಯಲ್ಲಿ ಗುರುತಿನ ಚೀಟಿ, ಅದರಡಿ ಹಾಸ್ಟೆಲ್ ಫೀಸಿನ ಅಷ್ಟೂ ದುಡ್ಡು.

"ಏಳನೇ ನಂಬರಿಗೆ, ಮಾಮ."

"ಹೋಗು ಮನೆಗೆ."

"ವಯಸ್ಸು ಸರಿಯಿದೆ. ಕೊಡಲ್ಲ ಅನ್ನೋಕೆ ಬರಲ್ಲ ನಿಂಗೆ."

ಬರುವುದಿಲ್ಲ, ನಿಜ. ನಮ್ಮಲ್ಲಿ ಇನ್ನೊಂದು ಕಟ್ಟಳೆಯೂ ಉಂಟು: ಟಿಕೆಟ್ ಅಚ್ಚಾಗುವ ಮುಂಚೆ ನಂಬರನ್ನು ಗಟ್ಟಿಯಾಗಿ ಹೇಳಿ, ಗಿರಾಕಿಯಿಂದ ಹೌದೆನಿಸಿಕೊಳ್ಳಬೇಕು.

"ಏಳು," ಎಂದೆ.

ಸಾಲಿನಲ್ಲಿದ್ದ ಮುದುಕನೊಬ್ಬ ಹಿಂದಿನವರತ್ತ ತಿರುಗಿದ. "ಒಳಗಿರೋನು ಇವಳ ಮಾಮನಂತೆ. ಏಳು ಅಂತಿದಾನೆ!"

"ಹೌದು, ಏಳು," ಎಂದಳು ಹುಡುಗಿ.

ನನ್ನ ಬೆರಳು ಟಿಕೆಟ್ ಯಂತ್ರದ ಗುಂಡಿಯ ಮೇಲೆಯೇ ನಿಂತುಬಿಟ್ಟಿತು. "ಬೇಡ ಕಣೇ. ಅದಕ್ಕೆ ಬೆಳಗಿಂದ ಶೀತ. ನಾನೇ ಹೋಗಿ ಹಣೆ ಮುಟ್ಟಿ ನೋಡ್ಕೊಂಡು ಬಂದೆ. ಅಂಥ ಕರೀ ಕುದುರೆ, ಪಾಪ, ಮೂಗೆಲ್ಲ ಕೆಂಪು..."

"ಕರೀದಾ? ಈಗ ತಾನೇ ನೋಡ್ಕೊಂಡು ಬಂದೆ ಮಾಮ. ಸುಣ್ಣ ಬಳಿದ ಗೋಡೆ ಹಂಗಿದೆ."

ಸಾಲಿಗೆ ಸಾಲೇ ನಕ್ಕಿತು. "ಶೀತಕ್ಕೆ ಬಿಳಿಚಿಕೊಂಡಿರ್ಬೇಕು ಬಿಡಮ್ಮ!" ಎಂದ ಮುದುಕ.

ಅವಳು ನಗಲಿಲ್ಲ. ದುಡ್ಡು ಕಂಬಿಯ ಒಳಕ್ಕೆ ಅರ್ಧ ಬಂದಿತ್ತು. "ಬೇರೆ ನಂಬರ್ ಹೇಳು ಹಾಗಾದ್ರೆ. ಯಾವುದಕ್ಕೆ ಕಟ್ಟಲಿ?"

ಯಾವ ನಂಬರು ಹೇಳಿದ್ದರೂ ಕಟ್ಟುತ್ತಿದ್ದಳು. ನಾನು ದುಡ್ಡನ್ನು ಅವಳತ್ತಲೇ ತಳ್ಳಿದೆ.

"ನಂಗೆ ಗೊತ್ತಿಲ್ಲ ಕಣಮ್ಮ. ಮೈದಾನ ಇರೋದು ಈ ಗೋಡೆ ಹಿಂದೆ. ಓಟ ನಡೀವಾಗ ಜನ ಕೂಗೋದು ಕೇಳ್ಸುತ್ತೆ, ಅಷ್ಟೇ. ಕೆಲಸಕ್ಕೆ ಸೇರಿದಾಗಿಂದ ಒಂದು ಕುದುರೆ ಓಡೋದನ್ನೂ ನಾನು ಕಣ್ಣಲ್ಲಿ ನೋಡಿಲ್ಲ."