ಖಾಲಿ ಬಿಟ್ಟ ಚೌಕಗಳು

“ಅಲ್ಲಮ್ಮಾ, ಕಂಪ್ಯೂಟರ್ ಮುಂದೆ ಕೂರಿಸೋಕೆ ಬೇರೆ ಯಾರೂ ಸಿಗಲಿಲ್ಲ ಅಂತ ಗಾರೆ ಕಲಸೋನನ್ನ ಕರ್ಕೊಂಡು ಬಂದ್ರಾ? ನೋಡ್ಕೊಳ್ಳಿ, ಕೀಬೋರ್ಡ್ ಸಂದೀಲಿ ಸಿಮೆಂಟು ಕಟ್ಕೊಂಡೀತು.”

ಅಂಕಿಅಂಶದ ಮೇಷ್ಟ್ರು ಇದನ್ನು ಮೆಲ್ಲಗೆ ಹೇಳಲಿಲ್ಲ. ವಾರದ ತರಬೇತಿಗೆಂದು ಕೋಣೆಯಲ್ಲಿ ಕೂತಿದ್ದ ಡಾಕ್ಟರು, ನರ್ಸು, ಲ್ಯಾಬಿನವರು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕನ ಪಕ್ಕ ಕಂಪ್ಯೂಟರ್ ಮುಂದೆ ಕೂತಿದ್ದ ತಮ್ಮ ತನ್ನ ಬೆರಳು ನೋಡಿಕೊಂಡ. ಟೈಲ್ಸ್ ಹಾಕುವ ಕೈ. ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು ಇದ್ದದ್ದು ನಿಜ. ಬೆಳಗ್ಗೆ ಸೋಪು ಹಾಕಿ ತಿಕ್ಕಿ ತಿಕ್ಕಿ ಸಾಕಾಗಿತ್ತು, ಹೋಗಿರಲಿಲ್ಲ. ಮೇಷ್ಟ್ರು ಹೇಳಿದ್ದು ನಿಜವಾಗಿದ್ದಕ್ಕೇ ಮೈ ಇನ್ನಷ್ಟು ಉರಿಯಿತು.

ಬೇರೆ ದಿನವಾಗಿದ್ದರೆ ಎದ್ದು ಹೋಗಿಬಿಡುತ್ತಿದ್ದ. ಎದ್ದು ಹೋಗುವುದು ಅವನಿಗೆ ಹೊಸದಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು “ಕತ್ತೆ ಕಾಯೋಕೆ ಹೋಗು” ಅಂದದ್ದಕ್ಕೆ, ಪುಸ್ತಕದ ಚೀಲವನ್ನೂ ಅಲ್ಲೇ ಬಿಟ್ಟು ಎದ್ದು ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಮಾರನೇ ದಿನ ಹೋಗಿ ಚೀಲ ತಂದವಳು ಅಕ್ಕ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ, ಚೀಲವನ್ನು ಗೂಟಕ್ಕೆ ತಗುಲಿಹಾಕಿ ಊಟಕ್ಕೆ ಕರೆದಳು. ಅವತ್ತಿನಿಂದ ಅವನಿಗೆ ಮನೆಯಲ್ಲೂ ಕೆಲಸದ ಜಾಗದಲ್ಲೂ ಸಿಡುಕ ಅಂತಲೇ ಹೆಸರು.

ಇವತ್ತು ಸಿಡುಕ ಹಲ್ಲು ಕಚ್ಚಿ ಕೂತ. ಅಕ್ಕನ ಬಲಗೈ ಬಟ್ಟೆಯ ಜೋಲಿಯಲ್ಲಿ ತೂಗುತ್ತಿತ್ತು. ಆ ಕೈ ಮುರಿದದ್ದು ಅವನ ಟೈಲ್ಸಿನ ಮೇಲೆ. ಮನೆಯ ಬಚ್ಚಲಿಗೆ ಒರಟು ಟೈಲ್ಸೇ ಇರಲಿ ಅಂತ ಅಕ್ಕ ಬಡಕೊಂಡಿದ್ದಳು. ಇವನು ಮುಖ ಕಾಣುವಷ್ಟು ಹೊಳೆಯುವುದನ್ನೇ ತಂದು ಹಾಕಿದ. ಅಕ್ಕ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. ವಯಸ್ಸಾದವರು ಜಾರಿ ಬೀಳುವುದರ ಮೇಲೇ ಸಂಶೋಧನೆ. ಬೀಳುವವರ ಲೆಕ್ಕ ಬರೆಯುತ್ತಿದ್ದವಳು ತಾನೇ ಬಿದ್ದಳು. ಆಸ್ಪತ್ರೆಯವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ನಗದೇ ಇದ್ದವನು ಇವನೊಬ್ಬನೇ. ಅದಕ್ಕೇ ಕೆಲಸಕ್ಕೆ ರಜೆ ಹಾಕಿ, ಕೈಗೆ ಕೈಯಾಗಿ ಬಂದು ಕೂತಿದ್ದ.

ಅವಳ ಸಂಶೋಧನೆ ಕೇಳಲು ಸರಳ. ಒಮ್ಮೆ ಬಿದ್ದ ಮುದುಕರಿಗೆ ಮತ್ತೆ ಬೀಳುವ ಭಯ ಹತ್ತಿ, ನಡೆಯುವುದನ್ನೇ ಬಿಡುತ್ತಾರೆ. ಮನೆಯಲ್ಲೇ ದಿನಾ ವ್ಯಾಯಾಮ ಮಾಡಿಸಿದರೆ ಆ ಭಯ ಇಳಿಯುತ್ತದೆಯೇ? ಮೊದಲು ಪ್ರಶ್ನೆ ಕೇಳಿ ಭಯಕ್ಕೊಂದು ಅಂಕ, ವ್ಯಾಯಾಮ ಮುಗಿದ ಮೇಲೆ ಇನ್ನೊಂದು ಅಂಕ. ಎರಡನ್ನೂ ಸಾಫ್ಟ್‌ವೇರಿಗೆ ತುಂಬಿಸಿದರೆ ಫರಕು ನಿಜವೋ ಬರೀ ಭ್ರಮೆಯೋ ಅಂತ ಅದು ಹೇಳುತ್ತದೆ. ಈ ತರಬೇತಿ ಮುಗಿಯುವುದರೊಳಗೆ ಫಲಿತಾಂಶ ಸಿದ್ಧವಾಗಿ ಮೇಷ್ಟ್ರ ಸಹಿ ಬಿದ್ದರೆ ಅಕ್ಕ ಈ ವರ್ಷವೇ ಪ್ರಬಂಧ ಒಪ್ಪಿಸಬಹುದು. ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಈಗಾಗಲೇ ಕಾದು ಕಾದು ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಪಾಠ ನಡೆಯುತ್ತಿದ್ದಾಗ ಅಕ್ಕ ಎಡಗೈಯಲ್ಲಿ ತೋರಿಸುತ್ತಿದ್ದಳು, ಇವನು ಒತ್ತುತ್ತಿದ್ದ. ಪರದೆ ತುಂಬ ಚೌಕ, ಚೌಕದೊಳಗೊಂದು ಅಂಕಿ. ನೆಲದ ಹಾಗೇ ಕಂಡಿತು ಅವನಿಗೆ, ಅಷ್ಟೇನೂ ಅಪರಿಚಿತವಲ್ಲ ಅನ್ನಿಸಿತು. ಮೇಷ್ಟ್ರು ಮಾತು ಮಾತಿಗೂ ‘ಪಿ’ ಅನ್ನುತ್ತಿದ್ದರು. ಅದೇನು ಅಂತ ಇವನು ಮನೆಗೆ ಹೋಗುವ ದಾರಿಯಲ್ಲಿ ಕೇಳಿದ.

“ವ್ಯಾಯಾಮದಿಂದ ಏನೂ ಆಗಿಲ್ಲ ಅಂತಿಟ್ಕೋ. ಆದ್ರೂ ಸುಮ್ನೆ ಆಕಸ್ಮಿಕವಾಗಿ ಇಷ್ಟು ಫರಕು ಬರೋ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತೆ ಕಣೋ. ಅದು ಚಿಕ್ಕದಿದ್ದಷ್ಟೂ ನಮಗೆ ಧೈರ್ಯ.”

“ಅಂದ್ರೆ ನಾವು ನೆಲದ ಮಟ್ಟ ನೋಡೋ ರಸಮಟ್ಟ ಇದ್ದ ಹಾಗೆ. ಗುಳ್ಳೆ ಗೆರೆಯೊಳಗೆ ನಿಂತ್ರೆ ನೆಲ ಸರಿ.”

ಅಕ್ಕ ನಕ್ಕಳು. ಸುಮಾರು ಹಾಗೇ, ಆದರೆ ಕೆಲವೊಮ್ಮೆ ಗುಳ್ಳೆಯೂ ಮೋಸ ಮಾಡುತ್ತದೆ ಅಂದಳು. ರಸಮಟ್ಟ ಮೋಸ ಮಾಡಲ್ಲ, ಇಡುವವನ ಕೈ ಮೋಸ ಮಾಡುತ್ತೆ ಅಂತ ಇವನು ವಾದಕ್ಕಿಳಿದ. ಮನೆ ಬಾಗಿಲವರೆಗೂ ಅದೇ ಜಗಳ.

ಆ ವಾರ ಅಕ್ಕ ಪಾಠ ಮುಗಿಸಿ ಆಸ್ಪತ್ರೆಗೆ ಹೋದರೆ ಇವನು ಮನೆಯಲ್ಲಿ ಕೂತು ಮುದುಕರ ಉತ್ತರದ ಹಾಳೆಗಳನ್ನು ನೋಡಿ ನೋಡಿ ಅಂಕಿ ತುಂಬಿದ. ಎರಡೇ ಬೆರಳಿನ ಟೈಪಿಂಗು, ಆದರೂ ಒಂದು ಅಂಕಿ ಆಚೀಚೆ ಆಗಬಾರದೆಂಬ ಹಠ.

ತರಬೇತಿ ಮುಗಿಯಲು ಒಂದು ದಿನ ಇದೆ ಎನ್ನುವಾಗ ಮೇಷ್ಟ್ರು ಅಕ್ಕನ ಸರದಿ ಕರೆದರು. ಗೋಡೆಯ ಮೇಲೆ ದೊಡ್ಡದಾಗಿ ಪರದೆ ಬೆಳಗಿತು. ಇವನು ಗುಂಡಿ ಒತ್ತಿದ. ಪಿ ಎಷ್ಟು ಚಿಕ್ಕದು ಬಂತೆಂದರೆ ಮುಂದಿನ ಸಾಲಿನ ನರ್ಸಮ್ಮ ಚಪ್ಪಾಳೆಯನ್ನೇ ತಟ್ಟಿದಳು. ಪರವಾಗಿಲ್ಲ, ಗಾರೆ ಕೈ ಗಟ್ಟಿಯಾಗಿದೆ ಅಂತ ಮೇಷ್ಟ್ರೂ ಒಪ್ಪಿಕೊಂಡರು. ಸಿಡುಕನಿಗೆ ಎದೆ ಇಷ್ಟಗಲ. ಅಕ್ಕ ಎಡಗೈಯಿಂದ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಪ್ರೀತಿಗೆ.

ಮೇಷ್ಟ್ರು ಮೂಲ ಅಂಕಿಗಳನ್ನು ತೋರಿಸಿ ಅಂದರು. ಚೌಕಗಳು ಮೇಲೆ ಸರಿದವು. ಅವು ಸರಿಯುತ್ತಿದ್ದ ಹಾಗೇ ಅಕ್ಕ ಅವನ ಮಣಿಕಟ್ಟು ಹಿಡಿದಳು. ವಯಸ್ಸು ತೊಂಬತ್ತೊಂದು ಅಂತ ಇದ್ದದ್ದು ಒಂದೇ ಸಾಲು, ದರ್ಜಿ ತಾತನದು. ಆ ತಾತ ವ್ಯಾಯಾಮ ಶುರುಮಾಡಿ, ಮತ್ತೊಮ್ಮೆ ಬಿದ್ದು, ಹಾಸಿಗೆ ಹಿಡಿದಿದ್ದರು. ಎರಡನೇ ಸಲ ಅವರನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಪರದೆಯ ಮೇಲೆ ಮಾತ್ರ ಅವರ ಭಯ ಅರ್ಧಕ್ಕರ್ಧ ಇಳಿದಿತ್ತು.

“ಈ ಅಂಕ ಎಲ್ಲಿಂದ ಬಂತೋ?” ಅಂತ ಪಿಸುಗುಟ್ಟಿದಳು.

“ಖಾಲಿ ಇತ್ತಕ್ಕಾ. ಮೇಲಿನ ಸಾಲಿನವರದ್ದೇ ಹಾಕ್ದೆ. ಖಾಲಿ ಇದ್ದಿದ್ನೆಲ್ಲ ಹಾಗೇ ತುಂಬಿಸ್ದೆ.” ಅವನ ದನಿಯಲ್ಲಿ ಹೆಮ್ಮೆಯಿತ್ತು. ಟೈಲ್ಸ್ ಕೆಲಸದಲ್ಲಿ ಮೂಲೆಗೆ ಪೂರ್ತಿ ಟೈಲ್ ಸಿಗದಿದ್ದರೆ ತುಂಡು ಕತ್ತರಿಸಿ ಕೂರಿಸುತ್ತಾರೆ. ಚೌಕ ಖಾಲಿ ಬಿಟ್ಟು ಎದ್ದವನನ್ನು ಮೇಸ್ತ್ರಿ ಮಾರನೇ ದಿನ ಕೆಲಸಕ್ಕೆ ಕರೆಯುವುದಿಲ್ಲ.

ಅಕ್ಕನ ಮುಖ ನೋಡಿದ ಮೇಲೆ ಆ ಹೆಮ್ಮೆ ಇಳಿದುಹೋಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳೆಯೇ ಸಹಿ. ಅವಳು ಎದ್ದು ನಿಂತಳು.

“ಸರ್, ಈ ಫಲಿತಾಂಶ ತಪ್ಪು. ಎರಡನೇ ಸಲ ಪ್ರಶ್ನೆಗೆ ಬರದೇ ಇದ್ದೋರಿಗೂ ಅಂಕ ಕೊಟ್ಟಿದೆ.”

ಕೊಟ್ಟವರು ಯಾರು ಅಂತ ಕೇಳುತ್ತಲೇ ಮೇಷ್ಟ್ರು ಸಿಡುಕನ ಕಡೆ ತಿರುಗಿದರು. ಬರುವ ಏಟಿಗೆ ಅವನು ಮೈ ಗಟ್ಟಿ ಮಾಡಿಕೊಂಡ.

“ನನ್ನ ಕೈ, ಸರ್,” ಅಂದಳು ಅಕ್ಕ. “ಈ ವಾರವೆಲ್ಲ ನನ್ನ ಬಲಗೈ ಇವನೇ. ಏನು ಮಾಡಬಾರದು ಅಂತ ಕೈಗೆ ಹೇಳಬೇಕಾದೋಳು ನಾನು. ಹೇಳಿರಲಿಲ್ಲ.”

ಅವಳು ಚೀಲದಿಂದ ಹಾಳೆ ತೆಗೆದು ತೆಗೆದು ಹೇಳಿದಳು, ಇವನು ಒಂದೊಂದೇ ಅಂಕಿ ಅಳಿಸಿದ. ಒಣಗಿ ಕೂತ ಟೈಲ್ಸನ್ನು ಉಳಿಯಿಂದ ಎಬ್ಬಿಸಿದ ಹಾಗೆ ಎದೆಯೊಳಗೆ ಚುರುಕೆನ್ನುತ್ತಿತ್ತು. ಅಲ್ಲಲ್ಲಿ ಖಾಲಿ ಚೌಕಗಳು ಬಾಯಿ ಬಿಟ್ಟುಕೊಂಡವು. ಮತ್ತೆ ಗುಂಡಿ ಒತ್ತಿದಾಗ ಪಿ ದೊಡ್ಡದಾಗಿ ಗೆರೆ ದಾಟಿ ಆಚೆ ಹೋಗಿತ್ತು. ಈ ಸಲ ಚಪ್ಪಾಳೆಯಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಈ ವರ್ಷ ಸಹಿ ಹಾಕಲಾಗದು ಅಂದರು. ಬರದೇ ಹೋದವರು ಯಾಕೆ ಬರಲಿಲ್ಲ ಅನ್ನುವುದು ತಿಳಿಯದೆ ಬಂದವರ ಲೆಕ್ಕ ಪೂರ್ತಿಯಾಗದು, ಆ ಮನೆಗಳಿಗೆಲ್ಲ ಹೋಗಿ ಕೇಳಿಕೊಂಡು ಬನ್ನಿ ಅಂದರು. ಅಕ್ಕ ತಲೆಯಾಡಿಸಿದಳು. ಅವಳ ಕಣ್ಣು ತುಂಬಿದ್ದನ್ನು ಸಿಡುಕ ನೋಡಿದ. ನೋಡಬಾರದಿತ್ತು.

ಆಮೇಲೆ ಮೇಷ್ಟ್ರು ಅವನ ಕಡೆ ತಿರುಗಿ, ಮತ್ತೆ ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ನಾಳೆ ಬರ್ತೀಯೇನಪ್ಪಾ? ಖಾಲಿ ಜಾಗನ ಖಾಲಿ ಬಿಡೋದು ಹೇಗೆ ಅಂತ ನಾಳೇನೇ ಪಾಠ.”

ಅದು ಚುಚ್ಚಿದ್ದೋ ಕರೆದದ್ದೋ ಅವನಿಗೆ ತಿಳಿಯಲಿಲ್ಲ. ನಾಲಿಗೆಯ ತುದಿಗೆ ಒಂದು ಖಾರವಾದ ಉತ್ತರ ಬಂದಿತ್ತು, ವಾರವೆಲ್ಲ ಕಾಪಿಟ್ಟದ್ದು. ಅದನ್ನು ಅಲ್ಲೇ ಬಿಟ್ಟು ಅವನು ಎದ್ದ. ಅಕ್ಕನ ಹಾಳೆಗಳನ್ನೆಲ್ಲ ಜೋಡಿಸಿ ಚೀಲಕ್ಕೆ ಹಾಕಿದ. ಅಕ್ಕ ಹಿಂದಿನಿಂದ ಎಲ್ಲಿಗೋ ಅಂದಳು. ದರ್ಜಿ ತಾತನ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ, ಅಕ್ಕನನ್ನು ಒಮ್ಮೆ ಬಿಟ್ಟು ಬಂದಿದ್ದರಿಂದ ದಾರಿ ಅವನಿಗೆ ಗೊತ್ತಿತ್ತು. ಚೀಲವನ್ನು ಹೆಗಲಿಗೇರಿಸಿಕೊಂಡು, ಅವಳು ದಾಟಲೆಂದು ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಸ್ಕೂಟರ್ ನಿಲ್ಲಿಸಿದ್ದ ಕಡೆ ನಡೆದುಹೋದ.