ಸುಣ್ಣದ ಹನಿಯ ಗಾತ್ರ

ಅಜ್ಜಿ ನಮ್ಮ ಮನೆ ಬಿಟ್ಟು ಹೋದದ್ದು ಹೊಗೆಯ ದೆಸೆಯಿಂದ. ಗಾಳಿ ನಮ್ಮ ಬೀದಿಯ ಕಡೆ ತಿರುಗಿದಾಗಲೆಲ್ಲ ಕಾರ್ಖಾನೆಯ ಗಂಧಕದ ಘಾಟು ಒಳಗೆ ನುಗ್ಗಿ, ಕಥೆ ಹೇಳುತ್ತಿದ್ದವಳ ಉಸಿರು ನಡುವೆಯೇ ಸಿಕ್ಕಿಬೀಳುತ್ತಿತ್ತು. ಕಥೆಯಲ್ಲಿ ಬಾವಿಗೆ ಇಳಿದ ರಾಜಕುಮಾರ ಅಲ್ಲೇ ಉಳಿದ. ಅಜ್ಜಿ ದೂರದ ಊರಿನಲ್ಲಿದ್ದ ನನ್ನ ಅತ್ತೆಯ ಮನೆ ಸೇರಿದಳು.

ಆ ಕಾರ್ಖಾನೆಗೆ ಹೊಗೆ ತೊಳೆಯುವ ಗೋಪುರ ಕಟ್ಟುವ ತಂಡದಲ್ಲಿ ನನಗೆ ಕೆಲಸ ಸಿಕ್ಕಿತು. ಕೆಳಗಿನಿಂದ ಹೊಗೆ ಏರಬೇಕು, ಮೇಲಿನಿಂದ ಸುಣ್ಣದಕಲ್ಲಿನ ಪುಡಿ ಕಲಸಿದ ನೀರು ಹನಿಹನಿಯಾಗಿ ಇಳಿಯಬೇಕು, ಹೊಗೆಯ ಆಮ್ಲ ಹನಿಗೆ ಅಂಟಿ ತಳದ ತೊಟ್ಟಿ ಸೇರಬೇಕು. ಕಟ್ಟುವ ಮೊದಲು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾದರಿ ಮಾಡಿ ನೋಡುವುದು ನನ್ನ ಪಾಲಿಗೆ ಬಂತು. ಹನಿ ಸಣ್ಣದಾದಷ್ಟೂ ಹೊಗೆ ಹೆಚ್ಚು ತಾಗುತ್ತದೆ. ಸಣ್ಣದು ಮಾಡಿದೆ. ಇನ್ನೂ ಸಣ್ಣದು. ಮಂಜಿನಷ್ಟು. ಪರದೆಯ ಮೇಲೆ ಚಿಮಣಿಯಿಂದ ಹೊರಟ ಗಾಳಿ ಹೆಚ್ಚುಕಡಿಮೆ ಶುದ್ಧವಾಗಿತ್ತು. ಅವತ್ತೇ ಫೋನ್ ಮಾಡಿ, "ಗೋಪುರ ಎದ್ದ ಕೂಡಲೇ ಬಂದ್ಬಿಡು ಅಜ್ಜಿ" ಎಂದೆ. ಅವಳು ಆಗಲೇ ಗಂಟು ಕಟ್ಟತೊಡಗಿದಳಂತೆ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಜರಡಿ ಸಾರ್ ಎನ್ನುತ್ತಾರೆ. ಅವರ ಕಣ್ಣು ತಪ್ಪಿಸಿ ಒಂದು ಹರಳೂ ಜಾರಿದ್ದಿಲ್ಲ. ಅವರು ಪರದೆ ನೋಡುತ್ತಾ ಗಲ್ಲ ಕೆರೆದುಕೊಂಡರು.

"ಏನಮ್ಮಾ, ನಿನ್ನ ಹನಿಗಳು ಬಲು ಸಂಭಾವಿತರು. ಒಂದೂ ದಾರಿ ತಪ್ಪಲ್ಲ!"

"ಎಲ್ಲಾ ಕೆಳಗೇ ಬರುತ್ತೆ ಅಂತ ಇಟ್ಕೊಂಡಿದೀನಿ ಸಾರ್."

"ನೀನು ಇಟ್ಕೊಂಡ್ರೆ ಆಯ್ತಾ? ಇಷ್ಟು ಸಣ್ಣದನ್ನ ಹೊಗೆ ಹೊತ್ಕೊಂಡು ಹೋಗುತ್ತೆ, ಹನಿ ಹಿಡಿಯೋಕೆ ಮೇಲೆ ಹಾಕಿರೋ ಜಾಲರಿಗೂ ಸಿಗಲ್ಲ. ಆಮ್ಲ ಕುಡಿದ ಹನಿ ಊರ ಮೇಲೇ ಬೀಳುತ್ತೆ. ಕಳ್ಳನನ್ನ ಹಿಡಿದು ಹಿತ್ತಲಲ್ಲಿ ಬಿಟ್ಟ ಹಾಗೆ."

ಹೊರಟ ಹನಿಯೆಲ್ಲ ತಳ ಸೇರಲಿ ಎಂಬ ನಿಯಮವನ್ನು ಯಾರೂ ಕೊಟ್ಟಿರಲಿಲ್ಲ. ಕಥೆಗಳಲ್ಲಿ ಹೋದವರು ತಿರುಗಿ ಬರುತ್ತಾರಲ್ಲ, ಹಾಗೆಂದು ನಾನೇ ಬರೆದುಬಿಟ್ಟಿದ್ದೆ.

ಹನಿಯನ್ನು ಬೀಳುವಷ್ಟು ದಪ್ಪ ಮಾಡಿದೆ. ಹೊಗೆಯಲ್ಲಿ ಆಮ್ಲ ಉಳಿಯಿತು. ಇನ್ನೊಂದು ಸಾಲು ಸಿಂಪಡಿಕೆ ಬೇಕು. ಗೋಪುರ ಎತ್ತರವಾಗಬೇಕು, ಅಡಿಪಾಯವೂ ಬದಲಾಗಬೇಕು.

"ನಡುವಿನ ಗಾತ್ರ ಹಿಡಿದ್ರೆ ಆಗಲ್ವಾ ಸಾರ್?"

"ಯಾರ ಉಸಿರಿನ ಮೇಲೆ ಚೌಕಾಸಿ ಮಾಡ್ತಿದೀಯ?" ಎಂದರು. ಅವರಿಗೆ ಅಜ್ಜಿಯ ವಿಷಯ ಗೊತ್ತಿರಲಿಲ್ಲ.

ಸಂಜೆ ಅಜ್ಜಿಯ ಕೋಣೆಯಲ್ಲಿ ನಿಂತು ಫೋನ್ ಮಾಡಿದೆ.

"ಈಗ ಬರಬೇಡ ಅಜ್ಜಿ. ಇನ್ನೂ ಒಂದು ವರ್ಷ ಆಗಬಹುದು."



"ಗೋಪುರ ಅಂದ್ಮೇಲೆ ಹೊತ್ತು ಹಿಡಿಯುತ್ತೆ ಬಿಡೇ," ಎಂದಳು ಅಜ್ಜಿ. ಆಮೇಲೆ ದನಿ ಏರಿಸಿ, "ನಿಜ ಹೇಳು, ನನ್ನ ಮಂಚದ ಮೇಲೆ ಬಟ್ಟೆ ರಾಶಿ ಹಾಕಿದೀರಿ ತಾನೇ? ನಿಮ್ಮಮ್ಮನ ಬುದ್ಧಿ ನಂಗೊತ್ತಿಲ್ವಾ!"

"ಅಯ್ಯೋ ಇಲ್ಲಪ್ಪಾ, ಹಾಸಿಗೆ ಹಾಸಿಯೇ ಇದೆ," ಎಂದೆ, ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದೊಂದೇ ಬಟ್ಟೆ ಎತ್ತಿ ಕುರ್ಚಿಗೆ ಹಾಕುತ್ತಾ. ಹೊದಿಕೆ ಕೊಡವಿದ ಸದ್ದು ಅವಳಿಗೆ ಕೇಳಿಸಿರಬೇಕು, "ಹಾಗೇ ದಿಂಬನ್ನೂ ಕೊಡವಿಡು" ಎಂದಳು.