ಹದಿನಾರು ಪೆಟ್ಟು

"ಅಳಿಯಂದ್ರೇ, ನಾಲ್ಕನೇದನ್ನ ನುಂಗ್ತಾ ಇದ್ದೀರಿ."

ಅವನು ಬೆಚ್ಚಿಬಿದ್ದು ಡ್ರಮ್ ಬಾರಿಸುವ ಕೋಲುಗಳನ್ನು ಕೆಳಗಿಳಿಸಿದ. ಬಟ್ಟೆ ಒಣಹಾಕುವ ಹಿಂದಿನ ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೆಗಲ ಮೇಲೆ ಒದ್ದೆ ಟವೆಲು, ಒಂದು ಕೈಯಲ್ಲಿ ಬಟ್ಟೆ ಕ್ಲಿಪ್ಪುಗಳ ಡಬ್ಬ. ಅವರು ಈ ಮನೆಗೆ ಬಂದು ಆರು ವಾರವಾಗಿತ್ತು. ಅವನ ಮುಖ ನೋಡಿ ನೇರವಾಗಿ ಆಡಿದ ಮೊದಲ ಮಾತು ಇದೇ.

ಜಗಳವೇನೂ ಇರಲಿಲ್ಲ. ಮೂವತ್ತೊಂದು ವರ್ಷ ನಡೆಸಿದ ಟೈಪಿಂಗ್ ಶಾಲೆಗೆ ಬೀಗ ಹಾಕಿ ಅತ್ತೆ ಮಗಳ ಮನೆಗೆ ಬಂದಿದ್ದರು. ಅಳಿಯನ ಹತ್ತಿರ ಏನು ಮಾತಾಡುವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅವನಿಗೂ ಅಷ್ಟೇ. ಹಾಗಾಗಿ ಇಬ್ಬರ ಮಾತೂ ಮಗಳ ಮೂಲಕವೇ ಹೋಗಿ ಬರುತ್ತಿತ್ತು. "ನಿಮ್ಮ ಮನೆಯವರಿಗೆ ಟೀ ಬೇಕಾ ಕೇಳೇ" ಎಂದು ಅತ್ತೆ ಅಡುಗೆಮನೆಯಿಂದ ಹೇಳುವರು. ಮೂರು ಅಡಿ ದೂರದಲ್ಲಿ ಕೂತ ಅವನು, "ಅಮ್ಮನಿಗೆ ಬೇಡ ಅಂತ ಹೇಳು" ಎನ್ನುವನು. ಮಗಳು ಇಬ್ಬರನ್ನೂ ನೋಡಿ, "ನನಗೊಂದು ಪೋಸ್ಟ್‌ಮ್ಯಾನ್ ಟೋಪಿ ತಂದುಕೊಡಿ" ಎನ್ನುವಳು.

"ನಾಲ್ಕನೇದು ಅಂದ್ರೆ?" ಅವನು ಕೇಳಿದ.

"ನಾಲ್ಕು ನಾಲ್ಕಾಗಿ ಹೊಡೀತೀರಲ್ಲ. ಬಲ, ಎಡ, ಬಲ, ಎಡ. ಆ ಕೊನೇ ಎಡ ಇದೆಯಲ್ಲ, ಅದು ಬರೋದೇ ಇಲ್ಲ. ಬಂದ ಹಾಗೆ ಮಾಡುತ್ತೆ, ಅಷ್ಟೇ." ಅತ್ತೆ ಟವೆಲು ಝಾಡಿಸಿ ಹಗ್ಗದ ಮೇಲೆ ಹಾಕಿದರು. "ನಮ್ಮ ಹುಡುಗೀರ ಕಿರುಬೆರಳು ಹೀಗೇ ಮಾಡೋದು. ಕೋಣೆಯ ಆಚೆ ತುದೀಲಿ ಕೂತಿದ್ರೂ ನನಗೆ ಗೊತ್ತಾಗ್ತಿತ್ತು. ಆಮೇಲೆ, ಆ ಟಿಕ್ ಟಿಕ್ ಇಟ್ಟುಕೊಂಡಿರೋದು ಯಾಕೆ? ಅದರ ಪಾಡಿಗೆ ಅದು ಹೋಗ್ತಿದೆ, ನಿಮ್ಮ ಪಾಡಿಗೆ ನೀವು."

ಅವನು ಫೋನಿನಲ್ಲಿ ಬಡಿದುಕೊಳ್ಳುತ್ತಿದ್ದ, ತಾಳದ ವೇಗ ತೋರಿಸುವ ಮೆಟ್ರೊನೋಮನ್ನು ನಾಚಿಕೆಯಿಂದ ನಿಲ್ಲಿಸಿದ.

ಅವನ ಕಸುಬು ಲಿಫ್ಟ್ ರಿಪೇರಿ. ಇಪ್ಪತ್ತು ಮಹಡಿಯ ಕಟ್ಟಡದ ತುದಿಯಲ್ಲಿ ನಿಂತು, ಕೆಳಗಿನಿಂದ ಬರುವ ಸದ್ದು ಕೇಳಿಯೇ ಯಾವ ಗಾಲಿ ಸವೆದಿದೆಯೆಂದು ಹೇಳಬಲ್ಲ ನಿಧಾನಸ್ಥ. ಆದರೆ ಡ್ರಮ್ಮಿನ ಮುಂದೆ ಕೂತರೆ ಬೇರೆಯೇ ಮನುಷ್ಯನಾಗುತ್ತಿದ್ದ. ಹನ್ನೊಂದು ವರ್ಷದಿಂದ ನಾಲ್ವರು ಗೆಳೆಯರು ಸೇರಿ ಮದುವೆ, ಹುಟ್ಟುಹಬ್ಬಗಳಲ್ಲಿ ನುಡಿಸುತ್ತಿದ್ದರು. ಔಷಧಿ ಅಂಗಡಿಯವನು ಹಾಡುಗಾರ, ಕ್ಷೌರದಂಗಡಿಯವನದು ಗಿಟಾರು, ಗಣಿತದ ಮೇಷ್ಟ್ರದು ಕೀಬೋರ್ಡು. ತಂಡದಲ್ಲಿ ಅವನ ಹೆಸರು 'ಎಕ್ಸ್‌ಪ್ರೆಸ್'. ಹಾಡಿನ ಎರಡು ಸಾಲುಗಳ ನಡುವೆ ಎಲ್ಲರೂ ನಿಂತು, ಡ್ರಮ್ಮೊಂದೇ ಆ ಖಾಲಿ ಜಾಗವನ್ನು ತುಂಬುವ ಕ್ಷಣವೊಂದು ಬರುತ್ತದೆ. ಅದಕ್ಕೆ ಅವರು ಫಿಲ್ ಅನ್ನುತ್ತಿದ್ದರು. ನಾಲ್ಕು ಡ್ರಮ್ಮು, ಒಂದೊಂದರ ಮೇಲೆ ನಾಲ್ಕು, ಒಟ್ಟು ಹದಿನಾರು ಪೆಟ್ಟು, ಆಮೇಲೆ ಝಣ್ ಎಂದು ಸಿಂಬಲ್. ಆ ಹದಿನಾರು ಬಂದಾಗಲೆಲ್ಲ ಅವನು ಓಡುತ್ತಿದ್ದ.

ಕಳೆದ ತಿಂಗಳ ಕಾರ್ಯಕ್ರಮದಲ್ಲಂತೂ ಅರ್ಧ ಹೆಜ್ಜೆ ಮೊದಲೇ ಸಿಂಬಲ್ ಬಾರಿಸಿಬಿಟ್ಟ. ಹಾಡುಗಾರ ಅವನ ಹಿಂದೆ ಹೋದ, ಗಿಟಾರು ಹೋಗಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಕುಣಿಯುತ್ತಿದ್ದವರು ಒಬ್ಬರ ಕಾಲು ಒಬ್ಬರು ತುಳಿದು ನಿಂತರು. ಹಾಡು ಅಲ್ಲಿಗೇ ನಿಂತಿತು.

ಮರುದಿನ ಔಷಧಿ ಅಂಗಡಿಯವನು ಒಂದು ಪೆಟ್ಟಿಗೆ ತೋರಿಸಿದ. ಗುಂಡಿ ಒತ್ತಿದರೆ ಅದು ತಾನೇ ತಾಳ ಹಾಕುತ್ತಿತ್ತು. "ನೋಡಪ್ಪಾ, ಇನ್ನು ಆರು ವಾರಕ್ಕೆ ನನ್ನ ಮಗಳ ಮದುವೆ. ಇರೋಳು ಅವಳೊಬ್ಬಳು. ಅವಳು ಕುಣಿಯೋವಾಗ ನೀನು ಓಡಿಸಿದ್ರೆ ನಾನು ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ. ಬಂದು ಕೂತ್ಕೊ, ಬೇಡ ಅನ್ನಲ್ಲ. ಆದ್ರೆ ಪೆಟ್ಟಿಗೆ ನನ್ನ ಕಾಲ ಹತ್ತಿರ ಇರುತ್ತೆ. ನೀನು ತಪ್ಪಿದೆ ಅಂದ್ರೆ ಅದನ್ನ ಒತ್ತಿಬಿಡ್ತೀನಿ." ಸಿಟ್ಟಿನಿಂದ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಗೆಳೆಯ ಮೆತ್ತಗೆ ಹೇಳಿದ್ದ.

ಇದನ್ನೆಲ್ಲ ಅವನು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಅದೇಕೋ ಅವತ್ತು ಅತ್ತೆಗೆ ಹೇಳಿದ.

ಅತ್ತೆ ಕ್ಲಿಪ್ಪಿನ ಡಬ್ಬವನ್ನು ಕೆಳಗಿಟ್ಟು ಸ್ಟೂಲೆಳೆದು ಕೂತರು. ಅವನ ಮುಂದಿದ್ದ ಸಾಮಾನುಗಳನ್ನು ಒಂದೊಂದಾಗಿ ನೋಡಿದರು. ಒಂದು ರಬ್ಬರ್ ಹಲಗೆ, ಬಟ್ಟೆ ಸುತ್ತಿದ ಬಿಸ್ಕತ್ತಿನ ಡಬ್ಬ, ಹಳೆಯ ದಿಂಬು, ಮಗುಚಿಟ್ಟ ಬಕೆಟ್ಟು. ಕಿಟಕಿ ಸರಳಿಗೆ ಸಿಂಬಲ್ಲಿನ ಬದಲು ಪಾತ್ರೆಯ ಮುಚ್ಚಳ ನೇತಾಡುತ್ತಿತ್ತು.

"ಎರಡು ದಿನದಿಂದ ಹುಡುಕ್ತಿದ್ದೆ ಆ ಮುಚ್ಚಳಾನ" ಎಂದರು. "ಹೋಗಲಿ ಬಿಡಿ. ಹಾಡಿನ ವೇಗ ಎಷ್ಟು?"

"ನಿಮಿಷಕ್ಕೆ ನೂರ ಹನ್ನೆರಡು ಟಿಕ್."

"ಐವತ್ತಕ್ಕೆ ಇಳಿಸಿ."

"ಐವತ್ತಾ? ಐವತ್ತರಲ್ಲಿ ನಿದ್ದೆ ಬರುತ್ತೆ ಅತ್ತೆ."

"ಬರಲಿ. ನಿದ್ದೇಲಿ ಹೊಡೆದ್ರೂ ತಪ್ಪಬಾರದು."

ಹಾಗೆ ಶುರುವಾಯಿತು. ಅತ್ತೆಯ ನಿಯಮ ಸರಳವಾಗಿತ್ತು. ಹದಿನಾರು ಪೆಟ್ಟೂ ಸಮವಾಗಿ ಬಿದ್ದರೆ ಹಗ್ಗಕ್ಕೆ ಒಂದು ಕ್ಲಿಪ್ಪು. ಸತತವಾಗಿ ಹತ್ತು ಕ್ಲಿಪ್ಪಾದರೆ ಮೆಟ್ರೊನೋಮನ್ನು ನಾಲ್ಕು ಅಂಕ ಏರಿಸಬಹುದು. ನಡುವೆ ಒಂದು ತಪ್ಪಿದರೂ ಎಲ್ಲ ಕ್ಲಿಪ್ಪೂ ವಾಪಸ್ ಡಬ್ಬಕ್ಕೆ. ಮೊದಲ ಸಂಜೆ ಐವತ್ತರಲ್ಲಿ ಅವನು ಆರು ಕ್ಲಿಪ್ಪಿನ ಆಚೆ ಹೋಗಲಿಲ್ಲ. ಪೆಟ್ಟಿಗೂ ಪೆಟ್ಟಿಗೂ ನಡುವೆ ಅಷ್ಟು ಜಾಗ ಇರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಖಾಲಿ ಜಾಗ ಕಂಡ್ರೆ ನಿಮಗೆ ಭಯ" ಎಂದರು ಅತ್ತೆ. "ಬಾಯಲ್ಲಿ ಏನಾದ್ರೂ ಹೇಳ್ಕೊಳ್ಳಿ. ನಾಲ್ಕಕ್ಷರದ್ದು." ಸ್ವಲ್ಪ ಯೋಚಿಸಿ, "ಓಡಬೇಡಿ ಅಂತ ಹೇಳಿ. ಓ-ಡ-ಬೇ-ಡಿ. ನಾಲ್ಕು ಸಲ."

"ಓಡಬೇಡಿ, ಓಡಬೇಡಿ, ಓಡಬೇಡಿ, ಓಡಬೇಡಿ..." ಅವನು ಬಾರಿಸುತ್ತ ಹೇಳಿದ. ಕೊನೆಗೆ ಮುಚ್ಚಳಕ್ಕೆ ಹೊಡೆಯುವಾಗ ಅತ್ತೆಯೇ "ಬಂತು!" ಎಂದು ಕೂಗಿದರು. ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದ ಮಗಳು ಬಾಗಿಲಲ್ಲೇ ನಿಂತು, ಯಾರು ಯಾರಿಗೆ ಓಡಬೇಡಿ ಅನ್ನುತ್ತಿದ್ದಾರೆಂದು ತಿಳಿಯದೆ ಕೈಚೀಲ ಹಿಡಿದೇ ಓಡಿ ಬಂದಳು. ನೋಡಿದರೆ ಗಂಡ ಬಕೆಟ್ಟು ಬಡಿಯುತ್ತಿದ್ದಾನೆ, ಅಮ್ಮ ಕ್ಲಿಪ್ಪು ಹಿಡಿದು ತೀರ್ಪು ಕೊಡುತ್ತಿದ್ದಾರೆ.

"ಅತ್ತೆಗೊಂದು ಕಾಲ, ಅಳಿಯನಿಗೊಂದು ಕಾಲ ಅಂದ್ರೆ ಇದೇ ಇರಬೇಕು" ಎಂದಳು.

"ಇಬ್ಬರದೂ ಒಂದೇ ಕಾಲ ಆಗಲಿ ಅಂತಾನೇ ಕಣೇ ಇಷ್ಟು ಒದ್ದಾಟ" ಎಂದರು ಅತ್ತೆ. "ಸುಮ್ನೆ ಹೋಗು, ಐದು ಕ್ಲಿಪ್ಪಾಗಿದೆ."

ಅತ್ತೆಯ ಅಪ್ಪಣೆಯಂತೆ ಅವನು ಎಡಗೈಯಲ್ಲಿ ಹಲ್ಲುಜ್ಜಿದ, ಎಡಗೈಯಲ್ಲಿ ಬೀಗ ತೆರೆದ, ಕೆಲಸದಲ್ಲಿ ಸ್ಕ್ರೂಗಳನ್ನೂ ಎಡಗೈಯಲ್ಲೇ ತಿರುಗಿಸಿದ. "ಏನಣ್ಣಾ, ಬಲಗೈಗೆ ರಜೆಯಾ?" ಎಂದು ಜೊತೆಯವರು ರೇಗಿಸಿದರು. ಐವತ್ತು ಐವತ್ತನಾಲ್ಕಾಯಿತು, ವಾರ ಕಳೆಯುವುದರೊಳಗೆ ಎಪ್ಪತ್ತೆಂಟಾಯಿತು. ಕೆಳಮನೆಯ ಹೆಂಗಸು ಒಂದು ದಿನ ಮೆಟ್ಟಿಲಲ್ಲಿ ತಡೆದು, ಬೈಯುತ್ತಾಳೆಂದು ಅವನು ಅಂದುಕೊಂಡರೆ, "ನಿನ್ನೆ ಒಂಬತ್ತು ಸಲ ಸರಿಯಾಗಿ ಬಂದು ನಿಂತಿತಲ್ಲಾ ಪಾಪ" ಎಂದಳು.

ತೊಂಬತ್ತೆಂಟರಲ್ಲಿ ಗಾಡಿ ಹೂತುಕೊಂಡಿತು.

ಐದು ಸಂಜೆ ಅವನು ತೊಂಬತ್ತೆಂಟರಲ್ಲೇ ಇದ್ದ. ಮೂರು ಕ್ಲಿಪ್ಪು, ಐದು ಕ್ಲಿಪ್ಪು, ಒಮ್ಮೆ ಎಂಟು, ಮತ್ತೆ ಸೊನ್ನೆ. ಎಡಗೈ ಗಟ್ಟಿಯಾಗಿತ್ತು, ಬಾಯಿ ಓಡಬೇಡಿ ಅನ್ನುತ್ತಲೇ ಇತ್ತು, ಆದರೂ ಕೊನೆಯ ನಾಲ್ಕು ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಓಡಿಹೋಗುತ್ತಿದ್ದವು. ಮದುವೆಗೆ ಎಂಟು ದಿನ ಉಳಿದಿತ್ತು. ಐದನೆಯ ಸಂಜೆ ಒಂಬತ್ತು ಕ್ಲಿಪ್ಪು ಏರಿ, ಹತ್ತನೆಯದರಲ್ಲಿ ಎಡವಿದ. ಅತ್ತೆ ಕ್ಲಿಪ್ಪು ಬಿಚ್ಚತೊಡಗಿದರು.

"ಒಂದನ್ನ ಬಿಟ್ಟುಕೊಟ್ರೆ ಏನಾಗ್ತಿತ್ತು?" ಅವನು ಕೋಲುಗಳನ್ನು ಬಕೆಟ್ಟಿನ ಮೇಲೆ ಎಸೆದ. "ಇದು ನಿಮ್ಮ ಟೈಪಿಂಗ್ ಮಷಿನ್ ಅಲ್ಲ! ನೀವು ಒಂದು ದಿನವಾದ್ರೂ ಕೋಲು ಹಿಡಿದಿದ್ದೀರಾ?"

ಅತ್ತೆ ಉಳಿದ ಕ್ಲಿಪ್ಪುಗಳನ್ನೂ ಬಿಚ್ಚಿ, ಡಬ್ಬದ ಮುಚ್ಚಳ ಹಾಕಿ ಹೊರಗೆ ಹೋದರು.

ಮರುದಿನ ಅವರು ಹಿಂದಿನ ಕೋಣೆಗೆ ಬರಲಿಲ್ಲ. ಅವನು ಒಬ್ಬನೇ ಸ್ವಲ್ಪ ಹೊತ್ತು ಬಾರಿಸಿ ನಿಲ್ಲಿಸಿದ. ಹೆಂಡತಿಯ ಬಳಿ ಹೋಗಿ, "ಅಮ್ಮನಿಗೆ ಹೇಳು..." ಎಂದು ಬಾಯಿ ತೆರೆದ.

"ನಾನು ಪೋಸ್ಟ್‌ಮ್ಯಾನ್ ಕೆಲಸಕ್ಕೆ ರಾಜೀನಾಮೆ ಕೊಟ್ಟಾಯ್ತು" ಎಂದಳು ಅವಳು. "ಕಾಗದ ನೀವೇ ತಗೊಂಡು ಹೋಗಿ."

ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅತ್ತೆ ಮಂಚದ ತುದಿಯಲ್ಲಿ ಕೂತು, ಎರಡು ಮರದ ಸೌಟು ಹಿಡಿದು, ಸುತ್ತಲೂ ನಾಲ್ಕು ದಿಂಬು ಇಟ್ಟುಕೊಂಡು ಬಾರಿಸುತ್ತಿದ್ದರು. ನಾಲಿಗೆ ತುಟಿಯ ಮೂಲೆಯಲ್ಲಿ ಹೊರಬಂದಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾಲ್ಕನೆಯ ದಿಂಬಿನ ಹತ್ತಿರ ಬಂದಾಗ ಸೌಟು ಎಡವಿತು. "ಥತ್!" ಎಂದು ತಮ್ಮನ್ನು ತಾವೇ ಬೈದುಕೊಂಡರು.

"ಅತ್ತೆ" ಎಂದ ಅವನು. "ನಿನ್ನೆ ನಾನು ಹಾಗೆ ಅನ್ನಬಾರದಿತ್ತು."

"ಅನ್ನಬಾರದಿತ್ತು. ಆದ್ರೆ ಅಂದಿದ್ದು ಸರಿಯಾಗೇ ಇತ್ತು" ಎಂದರು ಅತ್ತೆ, ತಲೆಯೆತ್ತದೆ. "ಕೋಲು ಹಿಡೀದೆ ಕೋಲಿನ ಮಾತು ಆಡಬಾರದು. ಬೆಳಿಗ್ಗೆಯಿಂದ ಹಿಡಿದಿದ್ದೀನಿ. ಭುಜ ಬಿದ್ದುಹೋಗ್ತಿದೆ. ಇಲ್ಲಿ ಬನ್ನಿ, ಇದನ್ನ ನೋಡಿ." ಮೂರನೆಯ ದಿಂಬಿನಿಂದ ನಾಲ್ಕನೆಯದಕ್ಕೆ ನಿಧಾನವಾಗಿ ಕೈ ಒಯ್ದು ತೋರಿಸಿದರು. "ತಪ್ಪು ಬೆರಳಲ್ಲಿಲ್ಲ, ದಾರೀಲಿದೆ. ಇಲ್ಲಿ ಮೊಣಕೈ ಮೇಲಕ್ಕೆ ಹೋಗುತ್ತೆ. ಕೋಲು ಗಾಳೀಲಿ ಊರೆಲ್ಲ ಸುತ್ತಿ ಬಂದು ಬಕೆಟ್ಟಿಗೆ ಬೀಳುತ್ತೆ. ಅಷ್ಟರಲ್ಲಿ ತಡ ಆಯ್ತು ಅಂತ ಗಾಬರಿ. ಗಾಬರಿಗೆ ಓಟ. ನೀವು ಬೇಗ ಇರೋದಕ್ಕೆ ಓಡ್ತಾ ಇಲ್ಲ, ತಡ ಆಗಿರೋದಕ್ಕೆ ಓಡ್ತಾ ಇದ್ದೀರಿ."

ಅವನು ಆ ದಿಂಬುಗಳನ್ನೇ ನೋಡುತ್ತ ನಿಂತ. ಹನ್ನೊಂದು ವರ್ಷದಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಅವನ ಕೈಯನ್ನು ಯಾರೂ ಇಷ್ಟು ಹೊತ್ತು ನೋಡಿರಲೂ ಇಲ್ಲ.

ಇಬ್ಬರೂ ಹಿಂದಿನ ಕೋಣೆಗೆ ಹೋದರು. ಅವನು ಬಕೆಟ್ಟನ್ನು ನಾಲ್ಕು ಬೆರಳು ಹತ್ತಿರಕ್ಕೆ ಎಳೆದುಕೊಂಡ, ಸ್ಟೂಲನ್ನು ಸ್ವಲ್ಪ ಬಲಕ್ಕೆ ತಿರುಗಿಸಿದ, ಕೋಲನ್ನು ತಗ್ಗಿನಲ್ಲೇ ಅಡ್ಡ ಒಯ್ದ. ಮೊದಲ ಕ್ಲಿಪ್ಪು. ಎರಡು. ಐದು. ಒಂಬತ್ತಾದಾಗ ಅತ್ತೆ ಹತ್ತನೆಯ ಕ್ಲಿಪ್ಪನ್ನು ಕೈಗೆತ್ತಿಕೊಂಡರು. ಹತ್ತನೆಯದು ಬಿದ್ದು ಮುಚ್ಚಳ ಝಣ್ ಎಂದಾಗ ಕೆಳಮನೆಯಿಂದ ಯಾರೋ ಚಪ್ಪಾಳೆ ತಟ್ಟಿದರು.

ನೂರ ಎರಡು, ನೂರ ಆರು, ನೂರ ಹತ್ತು. ನೂರ ಹನ್ನೆರಡಕ್ಕೆ ನಿಲ್ಲೋಣವೆಂದು ಅವನು ಅಂದರೆ ಅತ್ತೆ ಒಪ್ಪಲಿಲ್ಲ. "ಪರೀಕ್ಷೇಲಿ ನಿಮಿಷಕ್ಕೆ ನಲವತ್ತು ಪದ ಕೇಳಿದ್ರೆ ನಾನು ನಲವತ್ತೈದು ಮಾಡಿಸ್ತಿದ್ದೆ. ಆ ದಿನ ಐದು ಪದ ಹೆದರಿಕೆಗೆ ಅಂತ ಹೋಗುತ್ತೆ." ಮದುವೆಗೆ ಎರಡು ದಿನ ಮೊದಲು ನೂರ ಹದಿನೆಂಟರಲ್ಲಿ ಹತ್ತು ಕ್ಲಿಪ್ಪೂ ಸಾಲಾಗಿ ನಿಂತವು. ಮಗಳು ಅದರ ಫೋಟೋ ತೆಗೆದಳು. ಅವತ್ತು ಒಗೆದ ಬಟ್ಟೆ ಒಣಹಾಕಲು ಕ್ಲಿಪ್ಪೇ ಸಿಗದೆ, ಅವನ ಕಾಲುಚೀಲ ಗಾಳಿಗೆ ಹಾರಿ ಪಕ್ಕದ ಕಟ್ಟಡದ ತಗಡಿನ ಮೇಲೆ ಬಿತ್ತು.

ಮದುವೆಯ ಊಟ ಮಧ್ಯಾಹ್ನಕ್ಕಿತ್ತು. ದೊಡ್ಡ ಕಿಟಕಿಗಳ ಹಾಲು, ತುಂಬ ಬೆಳಕು, ನೂರೈವತ್ತು ಕುರ್ಚಿ. ಅವನು ಒಂದು ಗಂಟೆ ಮೊದಲೇ ಹೋಗಿ ಬಕೆಟ್ಟಿನ ಜಾಗದಲ್ಲಿರುವ, ನೆಲದ ಮೇಲಿನ ದೊಡ್ಡ ಡ್ರಮ್ಮನ್ನು ನಾಲ್ಕು ಬೆರಳು ಅಳೆದು ಹತ್ತಿರಕ್ಕಿಟ್ಟುಕೊಂಡ. ಔಷಧಿ ಅಂಗಡಿಯವನು ಹೊಸ ಕೋಟಿನಲ್ಲಿ ಬಂದು ಕಾಲ ಬಳಿ ಪೆಟ್ಟಿಗೆಯನ್ನಿಟ್ಟ. ಅದರ ಕೆಂಪು ದೀಪ ಹತ್ತಿಕೊಂಡಿತು.

"ಬೇಜಾರು ಮಾಡ್ಕೋಬೇಡ ಎಕ್ಸ್‌ಪ್ರೆಸ್ಸು" ಎಂದ.

"ಇರಲಿ ಬಿಡು" ಎಂದ ಅವನು.

ಮೂರನೆಯ ಹಾಡು, ಕಳೆದ ಸಲ ಅರ್ಧಕ್ಕೇ ನಿಂತದ್ದು. ಮದುಮಗಳು ಗಂಡನ ಕೈ ಹಿಡಿದು ನಡುವೆ ಬಂದಳು, ಜನ ಸುತ್ತ ಸೇರಿಕೊಂಡರು. ಸಾಲು ಮುಗಿಯುತ್ತಿದ್ದಂತೆ ಗಿಟಾರು ನಿಂತಿತು, ಕೀಬೋರ್ಡು ನಿಂತಿತು. ಹಾಡುಗಾರನ ಬೂಟಿನ ತುದಿ ಪೆಟ್ಟಿಗೆಯ ಗುಂಡಿಯ ಮೇಲೆ ಸರಿಯುವುದು ಅವನಿಗೆ ಕಂಡಿತು. ಹಾಲಿನ ತುಂಬ ಮೌನ, ಅವನೊಬ್ಬನದೇ ಜಾಗ. ಅದು ಎಷ್ಟು ವಿಶಾಲವಾಗಿತ್ತೆಂದರೆ, ಅದರಲ್ಲಿ ಅವನಿಗೆ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಕಾಣಿಸಿತು. ಬಲ, ಎಡ, ಬಲ, ಎಡ. ಮೊಣಕೈ ಏಳಲಿಲ್ಲ. ಲಿಫ್ಟಿನ ನೆಲ ಮಹಡಿಯ ನೆಲಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಬಂದು ನಿಲ್ಲುವ ಹಾಗೆ, ಸಿಂಬಲ್ಲೂ ಗಿಟಾರೂ ಕೀಬೋರ್ಡೂ ಹಾಡೂ ಒಟ್ಟಿಗೆ ಇಳಿದವು.

ಹಾಡುಗಾರ ಹಿಂತಿರುಗಿ ನೋಡಲಿಲ್ಲ. ಹನ್ನೊಂದು ವರ್ಷ ಈ ಜಾಗ ಬಂದಾಗಲೆಲ್ಲ ತಿರುಗಿ ಕಣ್ಣು ಬಿಡುತ್ತಿದ್ದವನು, ಈಗ ಮಗಳನ್ನೇ ನೋಡುತ್ತ ಹಾಡುತ್ತಿದ್ದ. ಚಪ್ಪಾಳೆಯೇನೂ ಬೀಳಲಿಲ್ಲ. ಮದುಮಗಳು ಒಂದು ಸುತ್ತು ತಿರುಗಿದಳು. ಬೋಳುತಲೆಯ ಹಿರಿಯರೊಬ್ಬರು ಮೊಮ್ಮಗಳನ್ನು ತಮ್ಮ ಬೂಟುಗಳ ಮೇಲೆ ನಿಲ್ಲಿಸಿಕೊಂಡು ಹೆಜ್ಜೆ ಹಾಕುತ್ತಿದ್ದರು. ಅವರ ಕಾಲೂ ತಡವರಿಸಲಿಲ್ಲ.

ಅವನು ಬಾರಿಸುತ್ತಲೇ ಕತ್ತು ಚಾಚಿ ಅತ್ತೆಯನ್ನು ಹುಡುಕಿದ. ಕಿಟಕಿಯ ಪಕ್ಕದ ಮೇಜಿನಲ್ಲಿ ಅವರು ವೇದಿಕೆಗೆ ಬೆನ್ನು ಹಾಕಿ, ಪೆಟ್ಟು ಎಣಿಸುವ ಗೋಜಿಲ್ಲದೆ ಕೂತಿದ್ದರು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ ಏನನ್ನೋ ಹೇಳುತ್ತಿದ್ದರು. ಅದು ಬಹಳ ಸ್ವಾರಸ್ಯದ ವಿಷಯವೇ ಇರಬೇಕು. ಚಮಚದಲ್ಲಿ ಎತ್ತಿದ ಕೇಕಿನ ತುಂಡು ಬಾಯಿಗೆ ಹೋಗದೆ ಬಿಸಿಲಲ್ಲಿ ಹಾಗೇ ನಿಂತಿತ್ತು, ಹೆಂಗಸರಿಬ್ಬರೂ ಭುಜ ಕುಲುಕಿಸಿಕೊಂಡು ನಗುತ್ತಿದ್ದರು.